ರಾತ್ರಿ ವಸ್ತಿಯ ಪ್ರಶ್ನೆ: ಕಾಲೇಜು ಅಂಗಳ, ವಸ್ತಿ ಬಸ್ಸು ಮತ್ತು ಅಕ್ಕಲಕೋಟ ಭಾಗದ ವಿದ್ಯಾರ್ಥಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ)

ಇವತ್ತಿನ ಗೋಷ್ಠಿಯಲ್ಲಿ ನಾನು ಮಾತಾಡಬೇಕಾದ ವಿಷಯ ಉನ್ನತ ಶಿಕ್ಷಣ ಮತ್ತು ವಸತಿ. ಈ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಹಾಸ್ಟೆಲ್ ಎಷ್ಟಿವೆ, ಸೀಟು ಎಷ್ಟಿವೆ ಅಂತ ಲೆಕ್ಕ ಹಾಕ್ತೀವಿ. ನಾನು ಅದಕ್ಕಿಂತ ಸಣ್ಣ ಪ್ರಶ್ನೆ ಇಟ್ಟುಕೊಂಡಿದ್ದೀನಿ. ಕಾಲೇಜಿಗೆ ಹೆಸರು ಹಚ್ಚಿದ ಹುಡುಗ ಅಥವಾ ಹುಡುಗಿ ಇವತ್ತು ರಾತ್ರಿ ಎಲ್ಲಿ ಮಲಗಬೇಕು? ತಡವಳದಂಥ ಅಕ್ಕಲಕೋಟ ತಾಲೂಕಿನ ಕನ್ನಡ ಊರುಗಳನ್ನು ಕಣ್ಮುಂದೆ ಇಟ್ಟುಕೊಂಡು ಇದನ್ನು ವಿವರಿಸ್ತೀನಿ. ಆದರೆ ಮೊದಲು ಬಹಳ ದೂರದ ಒಂದು ಉದಾಹರಣೆ ನೋಡೋಣ, ಯಾಕಂದ್ರ ಈ ಪ್ರಶ್ನೆಯನ್ನು ಕಾನೂನಿನ ಭಾಷೆಯಲ್ಲಿ ನೇರವಾಗಿ ಕೇಳಿದ್ದು ಅಲ್ಲಿ.

1. ಕ್ಯಾಲಿಫೋರ್ನಿಯಾದ ಉದಾಹರಣೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಮ್ಯುನಿಟಿ ಕಾಲೇಜು ಅಂತ ಇರ್ತಾವ. ಕಡಿಮೆ ಶುಲ್ಕದ, ಎರಡು ವರ್ಷದ ಸರ್ಕಾರಿ ಕಾಲೇಜುಗಳು. ದುಡಿಯುವ ಮನೆಗಳ ಮಕ್ಕಳು ಹೆಚ್ಚಾಗಿ ಅಲ್ಲೇ ಓದ್ತಾರೆ. 2019ರಲ್ಲಿ ಹೋಪ್ ಸೆಂಟರ್ ಎಂಬ ಸಂಶೋಧನಾ ಕೇಂದ್ರ ಅಲ್ಲಿನ 57 ಕಾಲೇಜುಗಳ ಸುಮಾರು 40,000 ವಿದ್ಯಾರ್ಥಿಗಳ ಸಮೀಕ್ಷೆ ಪ್ರಕಟಿಸಿತು. ನೂರಕ್ಕೆ 19 ಮಂದಿ ಹಿಂದಿನ ಒಂದು ವರ್ಷದಲ್ಲಿ ಮನೆಯಿಲ್ಲದ ಸ್ಥಿತಿ ಅನುಭವಿಸಿದ್ದರು. ಶುಲ್ಕ ಕಡಿಮೆ ಇತ್ತು, ಮನೆ ಬಾಡಿಗೆ ಕೈಗೆ ಸಿಗುವಂತಿರಲಿಲ್ಲ. ಹಳೇ ಕಾರೊಂದು ಇದ್ದವರು ಅದರಲ್ಲೇ ಮಲಗುತ್ತಿದ್ದರು. ರಸ್ತೆ ಬದಿ ನಿಲ್ಲಿಸಿದರೆ ಪೊಲೀಸರು ಎಬ್ಬಿಸುತ್ತಿದ್ದರು.

ಅದೇ ವರ್ಷ ಶಾಸಕ ಮಾರ್ಕ್ ಬರ್ಮನ್ ಒಂದು ಮಸೂದೆ ತಂದರು, ಎಬಿ 302. ಅದರ ಬೇಡಿಕೆ ಇಷ್ಟೇ: ಹೆಸರು ಹಚ್ಚಿದ, ಮನೆಯಿಲ್ಲದ ವಿದ್ಯಾರ್ಥಿಗೆ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ತನ್ನ ವಾಹನದಲ್ಲಿ ಮಲಗಲು ಬಿಡಬೇಕು. ಮಸೂದೆ ಕೆಳಮನೆ ದಾಟಿತು. ಕಾವಲಿನ ಖರ್ಚು ಯಾರು ಕೊಡಬೇಕು, ಏನಾದರೂ ಆದರೆ ಹೊಣೆ ಯಾರದು ಅಂತ ಕಾಲೇಜುಗಳು ತಕರಾರು ತೆಗೆದವು. ಮೇಲ್ಮನೆಯಲ್ಲಿ ವಿನಾಯಿತಿಗಳು ಸೇರಿ ಅದರ ಹುರುಳೇ ಹೋದಾಗ ಬರ್ಮನ್ ಅವರೇ ಹಿಂದಕ್ಕೆ ತೆಗೆದುಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ ತಾನಾಗಿಯೇ ತನ್ನ ಪಾರ್ಕಿಂಗ್ ಕಟ್ಟಡವನ್ನು ರಾತ್ರಿ ತೆರೆಯಿತು. ಕಾವಲುಗಾರ, ಶೌಚಾಲಯ, ವೈಫೈ, ಬೆಳಿಗ್ಗೆ ಸ್ನಾನಕ್ಕೆ ಅವಕಾಶ ಇಟ್ಟರು. ಇದಕ್ಕೆ ವಿರುದ್ಧವಾಗಿ 2023ರ ನವೆಂಬರ್‌ನಲ್ಲಿ ಕ್ಯಾಲ್ ಪಾಲಿ ಹಂಬೋಲ್ಟ್ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ವಾಹನಗಳಲ್ಲಿ ವಾಸವಿದ್ದ ವಿದ್ಯಾರ್ಥಿಗಳಿಗೆ ಜಾಗ ಬಿಡಲು ಹೇಳಿತು. ಆ ವಿದ್ಯಾರ್ಥಿಗಳು ಕೇಳಿದ್ದು ಮನೆಯನ್ನಲ್ಲ, ಎಬ್ಬಿಸಬೇಡಿ ಅಂತ.

2. ನಮ್ಮ ಕಡೆ ಕಾರಿಲ್ಲ, ಬಸ್ಸಿದೆ

ನಮ್ಮ ವಿದ್ಯಾರ್ಥಿಗೆ ಕಾರೇ ಇಲ್ಲ, ಪಾರ್ಕಿಂಗ್ ಮಾತು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಸರಿಯೇ. ನಮ್ಮಲ್ಲಿ ರಾತ್ರಿಯ ಪ್ರಶ್ನೆಯನ್ನು ಬಹುಮಟ್ಟಿಗೆ ಬಗೆಹರಿಸಿದ್ದು ಎಸ್‌ಟಿ ಬಸ್ಸು. ವಸ್ತಿ ಬಸ್ಸು, ಮರಾಠಿಯವರು ಮುಕ್ಕಾಮಿ ಗಾಡಿ ಅಂತಾರೆ. ಸಂಜೆ ಕೊನೆಯ ಫೇರಿ ಊರಿಗೆ ಬಂದು ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಎದ್ದು ತಾಲೂಕಿಗೆ ಹೋಗುವ ಗಾಡಿ. ಅಲ್ಲಿ ವಿದ್ಯಾರ್ಥಿ ಗಾಡಿಯಲ್ಲಿ ಮಲಗ್ತಾನೆ, ಇಲ್ಲಿ ಗಾಡಿಯೇ ಊರಿಗೆ ಬಂದು ಮಲಗ್ತದ. ಅದರಿಂದ ಹುಡುಗ ಮನೆಯಲ್ಲಿ ಮಲಗಿ ಬೆಳಗಿನ ತಾಸಿಗೆ ಕಾಲೇಜು ಮುಟ್ಟಬಹುದು. ವಿದ್ಯಾರ್ಥಿ ಪಾಸಿಗೆ ಪ್ರಯಾಣ ದರದ ಮೂರನೇ ಒಂದು ಭಾಗ ಕೊಟ್ಟರೆ ಸಾಕು. ಹನ್ನೆರಡನೇ ತರಗತಿವರೆಗೆ ಹೆಣ್ಣುಮಕ್ಕಳಿಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಪಾಸು ಉಚಿತ. ಊರು ಬಿಟ್ಟು ಪಟ್ಟಣದಲ್ಲಿ ಉಳಿದವರಿಗೂ ಅದೇ ಬಸ್ಸಿನಲ್ಲಿ ರೊಟ್ಟಿ ಗಂಟು, ಡಬ್ಬಿ ಹೋಗ್ತಿತ್ತು.

ಅಂದ್ರ ಬಸ್ಸಿನ ವೇಳಾಪಟ್ಟಿ ನಮ್ಮ ಕಡೆ ವಸತಿ ಯೋಜನೆಯೂ ಹೌದು. ಇದು ಗೊತ್ತಾಗಿದ್ದು ಗಾಡಿ ನಿಂತಾಗ. 2021ರ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ ನಿಗಮವನ್ನು ಸರ್ಕಾರದಲ್ಲಿ ವಿಲೀನ ಮಾಡಬೇಕೆಂದು ಎಸ್‌ಟಿ ನೌಕರರು ಮುಷ್ಕರ ಮಾಡಿದರು. ಅವರ ಬೇಡಿಕೆಯ ನ್ಯಾಯ ಬೇರೆ ಚರ್ಚೆ. ಆದರೆ ಕೋವಿಡ್ ನಂತರ ತರಗತಿ ಮತ್ತೆ ತೆರೆದ ಹೊತ್ತಿನಲ್ಲೇ ಹಳ್ಳಿಯ ವಿದ್ಯಾರ್ಥಿಗೆ ದಾರಿ ಮುಚ್ಚಿತು. ಸೊಲ್ಲಾಪುರ ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್. ಅಕ್ಕಲಕೋಟಕ್ಕೆ ಬರಲಿಕ್ಕೇ ಇನ್ನೊಂದು ಗಾಡಿ ಹಿಡಿಯಬೇಕಾದ ಊರಿನವರಿಗೆ ಆ ಲೆಕ್ಕ ಎಂದೂ ಕೂಡೋದಿಲ್ಲ.

3. ಲೆಕ್ಕಕ್ಕೆ ಸಿಗದವರು

ಬಸ್ಸು ಸರಿಯಾಗಿ ಓಡಿದರೂ ಎಲ್ಲರಿಗೂ ಸಾಲೋದಿಲ್ಲ. ವಿಜ್ಞಾನದ ಪ್ರಯೋಗ ಸಂಜೆಗೆ ಮುಗಿದರೆ ಕೊನೆಯ ಗಾಡಿ ಹೋಗಿರ್ತದ. ಪರೀಕ್ಷೆ ಕೇಂದ್ರ ಬೇರೆ ಊರಿಗೆ ಬಿದ್ದರೆ ಹಿಂದಿನ ರಾತ್ರಿಯೇ ಹೋಗಬೇಕು. ಕೆಲಸ ಮಾಡಿಕೊಂಡು ಓದುವವರ ಸಮಯವೇ ಬೇರೆ. ಇವರೆಲ್ಲ ಎಲ್ಲಿ ಮಲಗ್ತಾರೆ?

ಕೆಲವರು ಕಾಟ್ ಬೇಸಿಸ್ ಮೇಲೆ ಇರ್ತಾರೆ, ಖೋಲಿ ಅಲ್ಲ, ಖೋಲಿಯೊಳಗಿನ ಒಂದು ಮಂಚ ಬಾಡಿಗೆಗೆ. ಕೆಲವರು ಸೋದರಮಾವನ ಮನೆ, ಊರಿನವರ ಖೋಲಿ ಅಂತ ತಿರುಗ್ತಾರೆ. ಅಭ್ಯಾಸಿಕೆ ರಾತ್ರಿಯಿಡೀ ತೆರೆದಿದ್ದರೆ ಪುಸ್ತಕದ ಮೇಲೆ ತಲೆ ಇಟ್ಟು ಮಲಗುವವರಿದ್ದಾರೆ. ಹಾಸ್ಟೆಲಿನಲ್ಲಿ ಸೀಟು ಸಿಗದೆ ಗೆಳೆಯನ ಖೋಲಿಯಲ್ಲಿ ಗುಟ್ಟಾಗಿ ಉಳಿಯುವವರಿಗೆ ಪುಣೆ ವಿಶ್ವವಿದ್ಯಾಲಯದ ಕಡೆ ಒಂದು ಹೆಸರೇ ಇದೆ, ಪ್ಯಾರಾಸೈಟ್. ಪರಾವಲಂಬಿ ಜೀವಿ ಅಂತ ಅರ್ಥ. ವಿದ್ಯಾರ್ಥಿಗಳೇ ನಗುತ್ತಾ ಆ ಪದ ಬಳಸ್ತಾರೆ. ಹೆಸರು ಹಚ್ಚಿ ಶುಲ್ಕ ಕಟ್ಟಿದ ವಿದ್ಯಾರ್ಥಿ ತನ್ನದೇ ಸಂಸ್ಥೆಯಲ್ಲಿ ರಾತ್ರಿಯಾದ ಕೂಡಲೇ ಕಳ್ಳನಂತೆ ಇರಬೇಕು ಅನ್ನೋದು ಆ ನಗುವಿನ ಒಳಗಿದೆ.

ಮುಖ್ಯ ಅಂಶ ಇದು. ಕ್ಯಾಲಿಫೋರ್ನಿಯಾದ ಆ ಸಮೀಕ್ಷೆಯಲ್ಲಿ ಬೇರೆ ದಾರಿಯಿಲ್ಲದೆ ಪರಿಚಯದವರ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದವರನ್ನೂ ಮನೆಯಿಲ್ಲದವರಲ್ಲಿ ಎಣಿಸಿದ್ದಾರೆ. ನಾವು ಅಂಥವರನ್ನು ಎಣಿಸುವುದಿಲ್ಲ. ಮಾವನ ಮನೆಯಲ್ಲಿದ್ದಾನೆ, ಇನ್ನೇನು ಅಂತೀವಿ. ಪ್ರವೇಶ ಅರ್ಜಿಯಲ್ಲಿ ಜಾತಿ, ಆದಾಯ, ಕಾಯಂ ವಿಳಾಸ ಕೇಳ್ತಾರೆ. ಕಾಲೇಜಿನ ದಿನಗಳಲ್ಲಿ ರಾತ್ರಿ ಎಲ್ಲಿರ್ತೀಯಪ್ಪ ಅಂತ ಕೇಳುವುದಿಲ್ಲ.

4. ಹಿಂದಿನವರು ಏನು ಮಾಡಿದ್ದರು

ಈ ಪ್ರಶ್ನೆ ನಮಗೆ ಹೊಸದಲ್ಲ. ವಾರಾನ್ನದ ಕಾಲದಿಂದ ಇದೆ. ಶಾಹೂ ಮಹಾರಾಜರು 1901ರಲ್ಲಿ ಕೊಲ್ಹಾಪುರದಲ್ಲಿ ಮರಾಠಾ ಬೋರ್ಡಿಂಗ್ ತೆರೆಸಿದರು. ಮುಂದೆ ಬೇರೆ ಬೇರೆ ಸಮುದಾಯಗಳ ಬೋರ್ಡಿಂಗುಗಳಿಗೂ ಆಶ್ರಯ ಕೊಟ್ಟರು. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಇರುವ ಬೋರ್ಡಿಂಗ್ ನಡೆಸಿದರು. ಅದನ್ನು ನಡೆಸಲು ಅವರ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಕೊಟ್ಟರು. ಕರ್ನಾಟಕದಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮಾಡಿದ್ದೂ ಇದೇ. ಇವರೆಲ್ಲ ಶಾಲೆಯ ಜೊತೆಗೆ, ಕೆಲವೊಮ್ಮೆ ಅದಕ್ಕೂ ಮೊದಲು, ಹಾಸಿಗೆ ಮತ್ತು ಊಟದ ವಿಚಾರ ಮಾಡಿದರು.

ಈಗಿನ ಸರ್ಕಾರಿ ದಾರಿ ಹಣದ ದಾರಿ. ಹಾಸ್ಟೆಲ್ ಸಿಗದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದಲ್ಲಿ 2016-17ರಿಂದ ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ವಾಧಾರ ಯೋಜನೆ ಇದೆ. ಕರ್ನಾಟಕದ ವಿದ್ಯಾಸಿರಿ ಹಿಂದುಳಿದ ವರ್ಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಶುರುವಾಯಿತು. ಒಳ್ಳೆಯವೇ. ಆದರೆ ಅರ್ಜಿ, ಪರಿಶೀಲನೆ, ಕಂತು ಎಲ್ಲ ಆಗೋದು ಪ್ರವೇಶದ ನಂತರ. ಖೋಲಿಯ ಮಾಲಕ ಡಿಪಾಜಿಟ್ ಕೇಳೋದು ಮೊದಲ ದಿನ.

ಗಡಿಯವರಿಗೆ ಇನ್ನೊಂದು ತೊಡಕು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆ ಇದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರು ನಿಯಮದಲ್ಲೇ ಇವೆ. ಅದು ಸೀಟಿನ ನಿಯಮ. ಹಾಸಿಗೆ ಬೇರೆ ಇಲಾಖೆಯದು, ಅದರ ಅರ್ಜಿ ಬೇರೆ, ದಾಖಲೆ ಬೇರೆ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಸೀಟು ಸಿಕ್ಕಿದ ಮೇಲೆ ಮನೆಯಲ್ಲಿ ಮೊದಲು ಏಳುವ ಮಾತು, ಇರೋದೆಲ್ಲಿ? ಅದಕ್ಕೆ ಉತ್ತರ ಇಲ್ಲದಿದ್ದರೆ ಸೀಟು ಅಲ್ಲೇ ಉಳೀತದ.

5. ರಾತ್ರಿ ತೆರೆಯುವ ಕೋಣೆಗಳು

ಕಾಲೇಜಿನಲ್ಲಿ ರಾತ್ರಿ ಯಾರನ್ನೂ ಇರಗೊಡಲಿಕ್ಕೆ ಬರೋದಿಲ್ಲ ಅಂತ ಹೇಳ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು ನಿಲ್ಲೋದಿಲ್ಲ. ಆಷಾಢಿ ವಾರಿಯಲ್ಲಿ ಪಂಢರಪುರದ ದಾರಿಯ ಶಾಲೆಗಳಲ್ಲಿ ದಿಂಡಿಯವರು ಮಲಗ್ತಾರೆ. ಮತದಾನದ ಹಿಂದಿನ ರಾತ್ರಿ ಚುನಾವಣೆ ಸಿಬ್ಬಂದಿ ಶಾಲೆಯ ಕೋಣೆಯಲ್ಲೇ ಇರ್ತಾರೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂದಾಗ ನೀರು ನುಗ್ಗಿದ ಊರುಗಳ ಜನರಿಗೆ ಶಾಲೆಗಳೇ ಆಸರೆ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಭಕ್ತರಿಗೆ ಅನ್ನಛತ್ರ ಇದೆ, ಯಾತ್ರಿ ನಿವಾಸ ಇದೆ. ಹೆಸರು ಬರೆಸು, ಗುರುತಿನ ಚೀಟಿ ತೋರಿಸು, ಮಲಗು, ಬೆಳಿಗ್ಗೆ ಹೊರಡು. ಈ ಪದ್ಧತಿ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ವಿದ್ಯಾರ್ಥಿಗೆ ಅದನ್ನು ಅನ್ವಯಿಸಿಲ್ಲ, ಅಷ್ಟೇ.

ಹಾಗಾದರೆ ಏನು ಕೇಳಬಹುದು? ಒಂದು, ಪ್ರವೇಶದ ವೇಳೆ ರಾತ್ರಿ ವಾಸದ ಬಗ್ಗೆ ಒಂದು ಪ್ರಶ್ನೆ. ಉತ್ತರ ಗುಟ್ಟಾಗಿರಬೇಕು, ಅದರಿಂದ ಪ್ರವೇಶ ತಪ್ಪಬಾರದು. ಎರಡು, ಪರೀಕ್ಷೆಯ ದಿನಗಳಲ್ಲಾದರೂ ಒಂದು ಕೋಣೆ, ಕಾವಲುಗಾರ, ದೀಪ, ನೀರು, ಶೌಚಾಲಯ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಮಹಿಳಾ ಸಿಬ್ಬಂದಿ. ಇದು ಆಗದಿದ್ದರೆ ಯೋಜನೆ ಗಂಡುಹುಡುಗರದಷ್ಟೇ ಆಗ್ತದ. ಮೂರು, ಕಾಲೇಜಿನ ವೇಳಾಪಟ್ಟಿ ಮಾಡುವವರು ಡಿಪೋದ ವೇಳಾಪಟ್ಟಿಯನ್ನೂ ಎದುರಿಗೆ ಇಟ್ಟುಕೊಳ್ಳಬೇಕು. ಇದಕ್ಕೆ ಖರ್ಚೇ ಇಲ್ಲ.

ಒಂದು ಆಕ್ಷೇಪ ಗಟ್ಟಿಯಾಗಿದೆ. ಕೋಣೆಯಲ್ಲಿ ಚಾಪೆ ಹಾಸಿಕೊಟ್ಟರೆ ಸರ್ಕಾರ ಹಾಸ್ಟೆಲ್ ಕಟ್ಟೋದನ್ನೇ ಬಿಡಬಹುದು, ತಾತ್ಕಾಲಿಕವಾದದ್ದೇ ಕಾಯಂ ಆಗಬಹುದು. ಕ್ಯಾಲಿಫೋರ್ನಿಯಾದಲ್ಲೂ ಈ ಮಾತು ಬಂತು. ಪಾರ್ಕಿಂಗ್ ಜಾಗ ಪರಿಹಾರವಲ್ಲ ಅಂತ ಮಸೂದೆ ತಂದವರೂ ಒಪ್ಪಿದ್ದರು. ಈ ಭಯ ಸುಳ್ಳಲ್ಲ. ಆದರೆ ಆ ರಾತ್ರಿಯ ವಿದ್ಯಾರ್ಥಿಗೆ ಮುಂದಿನ ಪಂಚವಾರ್ಷಿಕದ ಹಾಸ್ಟೆಲ್ ಕೆಲಸಕ್ಕೆ ಬರೋದಿಲ್ಲ. ಇನ್ನೊಂದು, ಕೋಣೆಗೆ ಬಂದು ಹೆಸರು ಬರೆಸಿದವರ ಪಟ್ಟಿಯೇ ಹಾಸ್ಟೆಲ್ ಬೇಡಿಕೆಗೆ ಪುರಾವೆ. ಇವತ್ತು ಸಂಸ್ಥೆಯವರು ಎಷ್ಟು ಮಂದಿ ಇದ್ದಾರೆ ತೋರಿಸಿ ಅಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಯಾಕಂದ್ರ ಅವರು ಮಾವನ ಮನೆಯಲ್ಲಿ, ಗೆಳೆಯನ ಮಂಚದ ಕೆಳಗೆ ಹಂಚಿಹೋಗಿದ್ದಾರೆ.

ಆದ್ದರಿಂದ ಈ ಗೋಷ್ಠಿಯಲ್ಲಿರುವ ಅಧ್ಯಾಪಕರಲ್ಲಿ ನನ್ನ ವಿನಂತಿ ಒಂದೇ. ಹಾಜರಿ ಕಡಿಮೆ ಅಂತ ವಿದ್ಯಾರ್ಥಿಯನ್ನು ಕರೆದು ಕೇಳುವಾಗ, ಯಾಕೆ ಬರಲಿಲ್ಲ ಅನ್ನುವ ಮೊದಲು ನಿನ್ನೆ ರಾತ್ರಿ ಎಲ್ಲಿದ್ದೆ ಅಂತ ಕೇಳಿ. ಗದರಿಸುವ ದನಿಯಲ್ಲಿ ಬೇಡ. ಉತ್ತರ ಬರೆದಿಡಿ. ಒಂದು ಸೆಮಿಸ್ಟರ್ ಹೀಗೆ ಬರೆದಿಟ್ಟರೆ ಮುಂದಿನ ಗೋಷ್ಠಿಯಲ್ಲಿ ನಾವು ಅಂದಾಜಿನ ಮೇಲೆ ಮಾತಾಡಬೇಕಾಗಿಲ್ಲ.