ಕಾಲೇಜು ಬ್ಯಾಸ್ಕೆಟ್‌ಬಾಲ್: ಒಂದು ವರ್ಷದ ಆಟ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಅನೇಕರ ಮಕ್ಕಳು, ತಮ್ಮಂದಿರು ನಾಗಪುರದ ಕಾಲೇಜುಗಳಲ್ಲಿ ಓದುತ್ತಿದ್ದಾರೆ. “ಹುಡುಗ ಸಂಜೆಯೆಲ್ಲ ಬ್ಯಾಸ್ಕೆಟ್‌ಬಾಲ್ ಎಂದು ಮೈದಾನದಲ್ಲೇ ಇರುತ್ತಾನೆ, ಇದರಿಂದೇನು ಪ್ರಯೋಜನ?” ಎಂದು ಕೇಳುವವರೂ ಉಂಟು. ಆ ಆಟದ ವರ್ಷ ಹೇಗೆ ಸಾಗುತ್ತದೆಂದು ತಿಳಿದರೆ ಉತ್ತರ ತಾನಾಗಿ ದೊರೆಯುವುದು.

ಮೊದಲು ಆಟದ ಪರಿಚಯ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹುಡುಗರು ಒಳಗೇ ಆಡಲೆಂದು ಇದನ್ನು ಹೂಡಿದರು. ಗುರಿಗೆಂದು ಕಟ್ಟಿದ್ದು ಪೀಚ್ ಹಣ್ಣಿನ ಬುಟ್ಟಿ. ಹೆಸರು ಬಂದದ್ದು ಅದರಿಂದ. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು. ಹತ್ತು ಅಡಿಯ ಎತ್ತರ ಮಾತ್ರ ಹಾಗೆಯೇ ಉಳಿಯಿತು. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದೊಂದು ಕಡೆಗೆ ಐವರು. ಹತ್ತು ನಿಮಿಷಗಳ ನಾಲ್ಕು ಭಾಗ. ಚೆಂಡು ಹಿಡಿದ ತಂಡ 24 ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕು. ಐದು ಫೌಲು ಮಾಡಿದವನು ಹೊರಗೆ. ಆದ್ದರಿಂದ ಬೆಂಚಿನ ಮೇಲೆ ಕುಳಿತವರೂ ಗಟ್ಟಿಗರಾಗಿರಬೇಕು.

ಇನ್ನು ಆಟದ ವರ್ಷ. ಇದಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಅಂತರ ಕಾಲೇಜು ಪಂದ್ಯಾವಳಿ. 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯಕ್ಕೆ, ಅಂದರೆ 2005ರಿಂದ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರು ಹೊತ್ತಿರುವ ಸಂಸ್ಥೆಗೆ, ಸೇರಿದ ಕಾಲೇಜುಗಳ ತಂಡಗಳು ಇಲ್ಲಿ ಸೆಣಸುತ್ತವೆ. ಇಂತಹ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಸೋತವರು ಹೊರನಡೆಯಬೇಕು. ಅಮೆರಿಕದ ಕಾಲೇಜು ತಂಡಕ್ಕೆ ವರ್ಷಕ್ಕೆ ಮೂವತ್ತರಷ್ಟು ಪಂದ್ಯಗಳಿರುತ್ತವೆ. ನಮ್ಮ ಚಿಕ್ಕ ಕಾಲೇಜಿನ ತಂಡದ ವರ್ಷ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗಬಹುದು.

ಆದರೆ ತಂಡ ಸೋತರೂ ಆಟಗಾರನ ವರ್ಷ ಮುಗಿಯಲಿಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಎಲ್ಲ ಕಾಲೇಜುಗಳ ಒಳ್ಳೆಯ ಆಟಗಾರರನ್ನು ಪರೀಕ್ಷಿಸಿ ವಿಶ್ವವಿದ್ಯಾಲಯದ ತಂಡವನ್ನು ಆರಿಸುತ್ತಾರೆ. ಮೂರನೆಯದು ಅಂತರ ವಿಶ್ವವಿದ್ಯಾಲಯ ಪಂದ್ಯ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಲಿಯಾಗಿ ಹುಟ್ಟಿದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಇದರ ಹೊಣೆ ಹೊತ್ತಿದೆ. ನಾಗಪುರ ಪಶ್ಚಿಮ ವಲಯಕ್ಕೆ ಸೇರಿದೆ. ನಮ್ಮೂರ ಕಡೆಯ ಮೈಸೂರು, ಧಾರವಾಡಗಳು ದಕ್ಷಿಣ ವಲಯಕ್ಕೆ. ವಲಯದಲ್ಲಿ ಮುಂದೆ ನಿಂತ ತಂಡಗಳು ಅಖಿಲ ಭಾರತ ಪಂದ್ಯಕ್ಕೆ ಹೋಗುತ್ತವೆ.

ಪ್ರಯೋಜನದ ಮಾತು ಈಗ. ಕೇಂದ್ರ ಸರ್ಕಾರದ ಗುಂಪು ‘ಸಿ’ ನೌಕರಿಗಳಲ್ಲಿ ಆಟಗಾರರ ನೇಮಕಕ್ಕೆ ಅವಕಾಶವಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ವಿಶ್ವವಿದ್ಯಾಲಯದ ಪರವಾಗಿ ಆಡಿದವರೂ ಅರ್ಹರು. ಬ್ಯಾಸ್ಕೆಟ್‌ಬಾಲ್ ಆ ಪಟ್ಟಿಯಲ್ಲಿದೆ. ಕಾಲೇಜಿನ ಪ್ರಶಸ್ತಿಪತ್ರವೊಂದೇ ಸಾಲದು. ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ರುಜು ಇರುವ, ನಿಗದಿಯಾದ ನಮೂನೆಯ ಪ್ರಮಾಣಪತ್ರ ಬೇಕು. ನಮಗೆ ಪರಿಚಯದ ಹುಡುಗನೊಬ್ಬ ಮೂರು ಕಪ್ಪುಗಳನ್ನು ತೋರಿಸಿ, ಈ ಒಂದು ಕಾಗದವಿಲ್ಲದೆ ಹಿಂದಿರುಗಿದ. ಕಪ್ಪು ಗೂಡಿನಲ್ಲಿ ಹೊಳೆಯುತ್ತಿದೆ, ಕೆಲಸ ಕೈತಪ್ಪಿತು.

ಇದು ಅರ್ಹತೆಯೇ ಹೊರತು ನೌಕರಿಯ ಭರವಸೆಯಲ್ಲ. ಹುದ್ದೆಗೆ ತಕ್ಕ ವಿದ್ಯೆಯೂ ಇರಬೇಕು. ಆದಕಾರಣ ಹುಡುಗನನ್ನು ಮೈದಾನದಿಂದ ಎಳೆದು ತರಬೇಡಿ, ಪಾಠವನ್ನು ಬಿಡಲೂ ಬಿಡಬೇಡಿ. ಆಡಿದ ವರ್ಷವೇ ಕಾಗದ ಪಡೆದು ಜೋಪಾನವಾಗಿಡಿ. ಸಾಧ್ಯವಾದರೆ ಒಂದು ಸಂಜೆ ನೀವೂ ಹೋಗಿ ಅಂಕಣದ ಬದಿಯಲ್ಲಿ ನಿಲ್ಲಿ. ದೂರದ ಊರಿನಲ್ಲಿ ಮನೆಯವರ ಚಪ್ಪಾಳೆಗಿಂತ ದೊಡ್ಡ ಬಲ ಬೇರೆಯಿಲ್ಲ.