ದಾನ ಬೇಡ, ದರ ಕೊಡಿ

ಮೆಕ್ಸಿಕೋದ ದಕ್ಷಿಣಕ್ಕಿರುವ ಒಹಾಕಾ ರಾಜ್ಯದ ಬೆಟ್ಟಗಳಲ್ಲಿ ಕಾಫಿ ದಲ್ಲಾಳಿಗೆ ಜನ ಇಟ್ಟ ಹೆಸರು ‘ಕೊಯೊಟೆ’. ತೋಳದ ಜಾತಿಯ ಒಂದು ಕಾಡುಪ್ರಾಣಿ ಅದು. ತುಂಡು ತೋಟದ ಬೆಳೆಗಾರ ಹಣ್ಣು ಕುಯ್ದು, ಬೀಜ ಒಣಗಿಸಿ ಕೂತರೆ ಕೊಳ್ಳಲು ಬರುತ್ತಿದ್ದವನು ಇವನೊಬ್ಬನೇ. ತಕ್ಕಡಿಯೂ ಅವನದೇ, ದರವೂ ಅವನದೇ.

ಅವನ ಹಿಡಿತ ತಪ್ಪಿಸಿಕೊಳ್ಳಲು 1980ರ ದಶಕದ ಆರಂಭದಲ್ಲಿ ಅಲ್ಲಿನ ಮೂಲನಿವಾಸಿ ಬೆಳೆಗಾರರು ಒಟ್ಟಾಗಿ ಸಹಕಾರ ಸಂಘ ಕಟ್ಟಿಕೊಂಡರು. ಅದರ ಹೆಸರು, ಕನ್ನಡದ ಕಿವಿಗೆ ತೀರಾ ಹತ್ತಿರದ್ದು: ‘ಉಸಿರಿ’. ಜೊತೆಗಿದ್ದವರು ಫ್ರಾನ್ಸ್ ವಾನ್ ಡೆರ್ ಹಾಫ್ ಎಂಬ ಡಚ್ ಪಾದ್ರಿ. ನೆರವು ಕೊಡಲು ಮುಂದೆ ಬಂದ ನೆದರ್ಲೆಂಡ್ಸ್‌ನ ಹಿತೈಷಿಗಳಿಗೆ ಈ ಬೆಳೆಗಾರರು ಹೇಳಿದ್ದು ಇಷ್ಟೇ: ನಮ್ಮ ಕಾಫಿಗೆ ಸರಿಯಾದ ಬೆಲೆ ಬಂದರೆ ನಿಮ್ಮ ಸಹಾಯಧನ ಬೇಕಾಗುವುದಿಲ್ಲ.

ಡಚ್ ನೆರವು ಸಂಸ್ಥೆ ‘ಸಾಲಿಡಾರಿದಾದ್’ನ ನಿಕೊ ರೋಸೆನ್ ಮತ್ತು ವಾನ್ ಡೆರ್ ಹಾಫ್ ಆಗ ಹೊಸದೊಂದು ಉಪಾಯ ಹೂಡಿದರು. ಅವರು ಕಾಫಿ ಕಂಪನಿ ತೆರೆಯಲಿಲ್ಲ, ಮುದ್ರೆಯೊಂದನ್ನು ಮಾಡಿದರು. ಯಾವ ಕಂಪನಿಯ ಪೊಟ್ಟಣವೇ ಆಗಲಿ, ಬೆಳೆಗಾರರ ಸಂಘಕ್ಕೆ ಗೊತ್ತುಪಡಿಸಿದ ದರ ತೆತ್ತಿದ್ದರೆ ಅದರ ಮೇಲೆ ಈ ಮುದ್ರೆ ಬೀಳಬಹುದು. ಅಲ್ಲಿಯವರೆಗೆ ಸೇವಾಸಂಸ್ಥೆಗಳ ಪುಟ್ಟ ಅಂಗಡಿಗಳಲ್ಲಷ್ಟೇ ಸಿಗುತ್ತಿದ್ದ ಇಂಥ ಕಾಫಿ, 1988ರ ನವೆಂಬರ್ 15ರಿಂದ ನೆದರ್ಲೆಂಡ್ಸ್‌ನ ಸೂಪರ್ ಮಾರ್ಕೆಟ್‌ಗೂ ಕಾಲಿಟ್ಟಿತು.

ಮುದ್ರೆಯ ಹೆಸರು ‘ಮ್ಯಾಕ್ಸ್ ಹ್ಯಾವಲಾರ್’. ಜಾವಾದಲ್ಲಿ ಡಚ್ಚರ ಆಡಳಿತ ರೈತರನ್ನು ಹಿಂಡಿದ ಬಗೆಯನ್ನು ಬಯಲಿಗಿಟ್ಟ 1860ರ ಕಾದಂಬರಿಯ ನಾಯಕನ ಹೆಸರದು.

ಮುಂದೆ ಬೇರೆ ಬೇರೆ ದೇಶಗಳ ಇಂಥ ಮುದ್ರೆಗಳು 1997ರಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯಡಿ ಸೇರಿದವು. ಇಂದು ‘ಫೇರ್‌ಟ್ರೇಡ್’ ಎಂದು ಓದುವ ಗುರುತು ಅಲ್ಲಿಂದ ಬಂದದ್ದು. ಚಹಾ, ಕೋಕೋ, ಬಾಳೆಹಣ್ಣು, ಹತ್ತಿಯ ಮೇಲೂ ಅದು ಕಾಣುತ್ತದೆ.

ಈ ಗುರುತಿನ ಕಾಫಿ ಕೊಂಡರೆ ಯಾರಿಗೇನು ಲಾಭ? ಲೆಕ್ಕ ಸರಳ. ಪೇಟೆ ದರ ಎಷ್ಟೇ ಕುಸಿಯಲಿ, ಸಂಘಕ್ಕೆ ಕೊಡುವ ದರ ಒಂದು ಮಟ್ಟಕ್ಕಿಂತ ಕೆಳಗಿಳಿಯುವಂತಿಲ್ಲ. ಪೇಟೆ ಏರಿದರೆ ಏರಿದ ದರವನ್ನೇ ಕೊಡಬೇಕು. 2023ರ ಆಗಸ್ಟ್‌ನಿಂದ ಸಿಪ್ಪೆ ಸುಲಿದು ತೊಳೆದ ಅರೇಬಿಕಾ ತಳಿಯ ಕಾಫಿಗೆ ಪೌಂಡಿಗೆ 1.80 ಡಾಲರ್ ಕನಿಷ್ಠ ದರ ಜಾರಿಗೆ ಬಂತು. ಅದರ ಮೇಲೆ 20 ಸೆಂಟ್ ಸಂಘದ ಸಾಮೂಹಿಕ ನಿಧಿಗೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ಸದಸ್ಯರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ರಸ್ತೆಯೇ ಸರಿಯಿಲ್ಲದ ತಮ್ಮ ಬೆಟ್ಟಕ್ಕೆ ಬಸ್ಸು ಓಡಿಸಿದ್ದು ಉಸಿರಿಯ ಸದಸ್ಯರೇ.

ಇಂಥ ಕನಿಷ್ಠ ದರದ ಮಹತ್ವ ತಿಳಿದದ್ದು ಕೆಟ್ಟ ಕಾಲದಲ್ಲಿ. 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತಲೂ ಕೆಳಗೆ ಬಿತ್ತು. ಫೇರ್‌ಟ್ರೇಡ್ ಸಂಘಗಳಿಗೆ ಆಗ ಸಿಗುತ್ತಿದ್ದದ್ದು, ನಿಧಿಯ ಪಾಲೂ ಸೇರಿ, 1.26 ಡಾಲರ್. ಬೆಳೆಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲಿಂಗ್ ವ್ಯವಸ್ಥೆ ಮುಗಿದು ಮುಕ್ತ ಮಾರುಕಟ್ಟೆಗೆ ಬಂದು ಕೆಲವೇ ವರ್ಷಗಳಾಗಿದ್ದ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೂ ಆ ಕುಸಿತದ ಬಿಸಿ ಚೆನ್ನಾಗಿಯೇ ತಟ್ಟಿತ್ತು.

ಹಾಗೆಂದು ಮುದ್ರೆ ಬಿದ್ದ ಕಡೆಯೆಲ್ಲ ಎಲ್ಲವೂ ಸರಿಹೋಗಿಲ್ಲ. ಸಂಘದ ಬೆಳೆಯೆಲ್ಲ ಈ ದರಕ್ಕೆ ಮಾರಾಟವಾಗುವುದಿಲ್ಲ. ಕೊಳ್ಳುವವರು ಸಿಕ್ಕಷ್ಟು ಮಾತ್ರ, ಉಳಿದದ್ದು ಪೇಟೆ ದರಕ್ಕೆ. ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇಥಿಯೋಪಿಯಾ, ಉಗಾಂಡಾಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೇರ್‌ಟ್ರೇಡ್ ಸಂಘಗಳಿದ್ದ ಪ್ರದೇಶದ ಕೂಲಿಯಾಳುಗಳಿಗೆ ಬೇರೆಡೆಗಿಂತ ಹೆಚ್ಚಿನ ಕೂಲಿಯೇನೂ ಸಿಗುತ್ತಿರಲಿಲ್ಲ. ತೋಟದ ಒಡೆಯನಿಗೆ ಸಿಕ್ಕ ದರ ಹಣ್ಣು ಕುಯ್ಯುವವಳ ಕೈಗೂ ತಲುಪಿತೇ ಎಂಬ ಪ್ರಶ್ನೆ ಅಂದಿನಿಂದ ಜೋರಾಗಿಯೇ ಕೇಳಿಬರುತ್ತಿದೆ.