ಸಾಲಕ್ಕೆ ಹೋದ ಮ್ಯೂಸಿಯಂ

1842ರ ಏಪ್ರಿಲ್ 5ರಂದು, ಇವತ್ತಿನ ಕೆನಡಾದ ಪೂರ್ವ ಅಂಚಿನಲ್ಲಿರುವ ಸೇಂಟ್ ಜಾನ್ ಎಂಬ ಬಂದರು ಪಟ್ಟಣದಲ್ಲಿ ಒಬ್ಬ ಡಾಕ್ಟರು ಮ್ಯೂಸಿಯಂ ತೆರೆದ. ಸರ್ಕಾರದ್ದಲ್ಲ, ರಾಜಮನೆತನದ್ದಲ್ಲ, ತನ್ನದೇ. ಕಲ್ಲು, ಅದಿರು, ಪಳೆಯುಳಿಕೆ, ಒಣಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿಗಳು, ಕಾಡುಪ್ರಾಣಿಗಳು, ಅಲ್ಲಿನ ಮೂಲನಿವಾಸಿಗಳ ಕೈಕೆಲಸದ ಸಾಮಾನು, ಇವನ್ನೆಲ್ಲ ಸಾಲು ಸಾಲಾಗಿ ಜೋಡಿಸಿ, ಒಳಗೇನಿದೆ ಎಂದು ತಿಳಿಸುವ ಪಟ್ಟಿಯನ್ನೂ ಅಚ್ಚು ಹಾಕಿಸಿದ. ಕಾಸು ಕೊಟ್ಟು ನೋಡಲು ಜನ ಬಂದರೆ ಬಾಕಿ ತೀರೀತು ಎಂಬ ಲೆಕ್ಕ ಅವನದು. ಜನ ಸಾಕಷ್ಟು ಬರಲಿಲ್ಲ. ಬಹಳ ದಿನ ಕಳೆಯುವ ಮೊದಲೇ ಇಡೀ ಮ್ಯೂಸಿಯಂ ಸಾಲ ಕೊಟ್ಟವರ ಕೈ ಸೇರಿತು.

ಆತನ ಹೆಸರು ಅಬ್ರಹಾಂ ಗೆಸ್ನರ್. ಭೂವಿಜ್ಞಾನದ ಚರಿತ್ರೆ ಓದುವವರಿಗೆ ಈ ಹೆಸರು ಗೊತ್ತು. ಮಿಕ್ಕವರಿಗೆ ಪರಿಚಯಿಸಲು ಒಂದು ಮಾತು ಸಾಕು: ನಮ್ಮ ಅಜ್ಜಿಯರು ಸಂಜೆಯಾದೊಡನೆ ಗಾಜಿನ ಬುರುಡೆಯನ್ನು ಬೂದಿ ಹಚ್ಚಿ ಹಳೇ ಬಟ್ಟೆಯಲ್ಲಿ ಒರೆಸಿ, ಬತ್ತಿಯ ಕರಿ ಕತ್ತರಿಸಿ ಹಚ್ಚುತ್ತಿದ್ದ ಲಾಟೀನಿನ ಸೀಮೆಎಣ್ಣೆಗೆ ಕೆರೊಸಿನ್ ಎಂದು ಹೆಸರಿಟ್ಟವನು ಇವನೇ. ಆದರೆ ನನಗೆ ಆ ಎಣ್ಣೆಗಿಂತ ಮುಳುಗಿದ ಆ ಮ್ಯೂಸಿಯಂ ಮೇಲೇ ಹೆಚ್ಚು ಕುತೂಹಲ.

ಗೆಸ್ನರ್ ಹುಟ್ಟಿದ್ದು 1797ರಲ್ಲಿ, ನೋವಾ ಸ್ಕೋಶಿಯಾದ ಕಾರ್ನ್‌ವಾಲಿಸ್ ಎಂಬಲ್ಲಿ, ಒಕ್ಕಲುತನದ ಮನೆಯಲ್ಲಿ. ಅಮೆರಿಕ ಸ್ವತಂತ್ರವಾದಾಗ ಬ್ರಿಟಿಷ್ ದೊರೆಯ ಪಕ್ಷ ಹಿಡಿದು ಆಸ್ತಿ ಬಿಟ್ಟು ಉತ್ತರಕ್ಕೆ ಬಂದ ಕುಟುಂಬ ಅದು. ಹರೆಯದಲ್ಲಿ ಕುದುರೆಗಳನ್ನು ಹಡಗಿಗೆ ಹಾಕಿಕೊಂಡು ವೆಸ್ಟ್ ಇಂಡೀಸಿಗೆ ಮಾರಲು ಹೋದ. ವ್ಯಾಪಾರ ಕೈಕೊಟ್ಟಿತು, ಹಡಗೂ ಒಡೆಯಿತು. 1824ರಲ್ಲಿ ಡಾಕ್ಟರೊಬ್ಬರ ಮಗಳು ಹ್ಯಾರಿಯೆಟ್ ವೆಬ್‌ಸ್ಟರ್‌ಳನ್ನು ಮದುವೆಯಾದ. ಅಳಿಯನ ಸಾಲ ತೀರಿಸಲು ಮಾವ ಒಪ್ಪಿದ್ದು ಒಂದು ಷರತ್ತಿನ ಮೇಲೆ, ಲಂಡನ್ನಿಗೆ ಹೋಗಿ ವೈದ್ಯ ಕಲಿತು ಬರಬೇಕು, ಎಂದು ಕತೆ ಇದೆ. ಅಳಿಯನೇನೋ ಹೋದ, ಕಲಿತ. ಕಲಿತದ್ದರಲ್ಲಿ ವೈದ್ಯದಷ್ಟೇ ಭೂವಿಜ್ಞಾನವೂ ಇತ್ತು ಎಂಬುದು ಮಾವನಿಗೆ ಆಮೇಲೆ ತಿಳಿದಿರಬೇಕು.

ಊರಿಗೆ ಮರಳಿ ಪಾರ್ಸ್‌ಬರೊ ಎಂಬ ಕಡಲತಡಿಯ ಹಳ್ಳಿಯಲ್ಲಿ ವೈದ್ಯ ಶುರು ಮಾಡಿದ. ಕಲ್ಲಿನ ಹುಚ್ಚಿದ್ದವನಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಫಂಡಿ ಕೊಲ್ಲಿಯ ಆ ಮೂಲೆಯಲ್ಲಿ ಏರುವ ಉಬ್ಬರ ಜಗತ್ತಿನಲ್ಲೇ ಅತಿ ಎತ್ತರದ್ದು, ಒಮ್ಮೊಮ್ಮೆ 16 ಮೀಟರ್ ಮುಟ್ಟುತ್ತದೆ. ನೀರು ದಿನಕ್ಕೆ ಎರಡು ಸಲ ಬಂದು ಬಂಡೆಗೋಡೆಗಳ ಬುಡ ಕೊರೆಯುತ್ತದೆ. ಚಳಿಗಾಲದಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಬಂಡೆ ಸೀಳುತ್ತದೆ. ಮಂಜು ಕರಗುವ ಹೊತ್ತಿಗೆ ಹೊಸ ಚೂರುಗಳು ದಡಕ್ಕೆ ಉರುಳಿ ಬಿದ್ದಿರುತ್ತವೆ: ಅಗೇಟ್, ನೇರಳೆ ಹರಳು, ಬಿಳಿ ಜಿಯೊಲೈಟ್. ಕುದುರೆ ಮೇಲೋ ಕಾಲ್ನಡಿಗೆಯಲ್ಲೋ ಹಳ್ಳಿಯಿಂದ ಹಳ್ಳಿಗೆ ರೋಗಿಗಳನ್ನು ನೋಡಲು ಹೊರಡುತ್ತಿದ್ದ ಡಾಕ್ಟರು ದಾರಿಯುದ್ದಕ್ಕೂ ಇವನ್ನು ಆಯುತ್ತಾ ನಡೆದ. ಹೋಗುವಾಗ ಔಷಧಿ, ಬರುವಾಗ ಕಲ್ಲು. 1836ರಲ್ಲಿ ನೋವಾ ಸ್ಕೋಶಿಯಾದ ಭೂವಿಜ್ಞಾನ, ಖನಿಜಗಳ ಮೇಲೆ ಪುಸ್ತಕ ಬರೆದ. ಎರಡು ವರ್ಷಕ್ಕೆ ಪಕ್ಕದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಸರ್ಕಾರ ಕರೆದು ಭೂವಿಜ್ಞಾನಿಯ ಹುದ್ದೆ ಕೊಟ್ಟಿತು. ಬ್ರಿಟಿಷ್ ವಸಾಹತೊಂದರಲ್ಲಿ ಸರ್ಕಾರವೇ ನೇಮಿಸಿದ ಮೊದಲ ಭೂವಿಜ್ಞಾನಿ ಎಂದು ಆತನನ್ನು ಕರೆಯುವುದು ಇದಕ್ಕೇ.

ಬೇಸಿಗೆಯೆಲ್ಲ ಕಾಡು, ಹೊಳೆ, ದೋಣಿ, ಚಳಿಗಾಲದಲ್ಲಿ ವರದಿ. ದಾರಿ ತೋರಿಸಿದವರು ಅಲ್ಲಿನ ಮೂಲನಿವಾಸಿಗಳಾದ ಮಿಕ್‌ಮಾಕ್ ಜನ. ಯಾವ ಹೊಳೆ ಎಲ್ಲಿ ತಿರುಗುತ್ತದೆ, ಯಾವ ಪ್ರಾಣಿ ಎಲ್ಲಿ ಸಿಕ್ಕುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮ್ಯೂಸಿಯಂಗೆ ಬಂದ ಹೆಸರು ಮಾತ್ರ ಗೆಸ್ನರ್‌ದು. ಆ ಕಾಲದ ಎಲ್ಲ ಮ್ಯೂಸಿಯಂಗಳ ಹಣೆಬರಹವೂ ಅದೇ ಅನ್ನಿ, ನಮ್ಮವನ್ನೂ ಸೇರಿಸಿ.

ಐದು ವರದಿ ಬರೆದ. ತೊಂದರೆ ಶುರುವಾದದ್ದು ಅವುಗಳಿಂದಲೇ. ಗೆಸ್ನರ್‌ನದು ಎಲ್ಲೆಡೆ ಸಂಪತ್ತನ್ನೇ ಕಾಣುವ ಕಣ್ಣು. ಗ್ರ್ಯಾಂಡ್ ಲೇಕ್ ಎಂಬ ಸರೋವರದ ಸುತ್ತ ದೊಡ್ಡ ಕಲ್ಲಿದ್ದಲು ನಿಕ್ಷೇಪ ಇದೆ ಎಂದು ಬರೆದ. ನಂಬಿ ದುಡ್ಡು ಹಾಕಿದವರಿಗೆ ಸಿಕ್ಕಿದ್ದು ತೆಳುವಾದ ಪದರ. ಸಿಟ್ಟು ಏರಿತು, ಸರ್ಕಾರ ಸಂಬಳ ನಿಲ್ಲಿಸಿತು. ಅಷ್ಟು ವರ್ಷ ಕೂಡಿಹಾಕಿದ್ದನ್ನೇ ದುಡಿಮೆಗೆ ಹಚ್ಚೋಣವೆಂದು ಸೇಂಟ್ ಜಾನ್‌ನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಾಗಿಲು ತೆರೆದದ್ದೇ ಈ ಮ್ಯೂಸಿಯಂ. ಅದೇ 1842ರ ಬೇಸಿಗೆಯಲ್ಲಿ ಚಾರ್ಲ್ಸ್ ಲಯೆಲ್ ಆ ಕಡೆ ಬಂದಿದ್ದ. ಭೂವಿಜ್ಞಾನದಲ್ಲಿ ಅವನಿಗಿಂತ ದೊಡ್ಡ ಹೆಸರು ಆಗ ಇರಲಿಲ್ಲ. ಅವನನ್ನು ಜಾಗಿನ್ಸ್ ಎಂಬಲ್ಲಿನ ಬಂಡೆಗಳಿಗೆ ಕರೆದೊಯ್ದು, ನಿಂತ ನಿಲುವಿನಲ್ಲೇ ಕಲ್ಲಾದ ಮರಗಳನ್ನು ಕಾಣಿಸಿದವರಲ್ಲಿ ಗೆಸ್ನರ್ ಒಬ್ಬ. ಲಯೆಲ್ ಹೊಗಳಿದ್ದು ಜ್ಞಾನಕ್ಕಾಯಿತು, ಬಾಡಿಗೆಗೆ ಆಗಲಿಲ್ಲ.

ಇಲ್ಲಿ ನನಗೊಂದು ಅನುಮಾನವಿದೆ. ಮ್ಯೂಸಿಯಂ ಗೆಸ್ನರ್ ಕೈಯಲ್ಲೇ ಇದ್ದಿದ್ದರೆ ಅದು ಉಳಿಯುತ್ತಿತ್ತೇ? ಊರಿಂದ ಊರಿಗೆ, ಹುಚ್ಚಿನಿಂದ ಹುಚ್ಚಿಗೆ ಹಾರುವ ಮನುಷ್ಯ ಆತ. ಎಲ್ಲೋ ಒಂದು ಮಳಿಗೆಯಲ್ಲಿ ಹಕ್ಕಿಗಳಿಗೆ ನುಸಿ ಹಿಡಿದು, ಹರಳುಗಳು ಒಂದೊಂದಾಗಿ ಮಾರಿಹೋಗುತ್ತಿದ್ದವು. ಸಾಲಕ್ಕೆ ಇಡಿಯಾಗಿ ಜಪ್ತಿಯಾದದ್ದರಿಂದ ಸಂಗ್ರಹ ಒಡೆಯಲಿಲ್ಲ. ಸಾಲ ಕೊಟ್ಟವರಿಂದ ಅದು ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಪಾಲಾಯಿತು. 1890ರಲ್ಲಿ ಆ ಸಂಸ್ಥೆ ಮುಚ್ಚಿದಾಗ ಊರಿನ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೊಂಡಿತು. ಅಲ್ಲಿಂದ ನ್ಯೂ ಬ್ರನ್ಸ್‌ವಿಕ್ ಮ್ಯೂಸಿಯಂಗೆ. ಕೆನಡಾದಲ್ಲಿ ಸತತವಾಗಿ ಉಳಿದುಬಂದ ಅತಿ ಹಳೆಯ ಮ್ಯೂಸಿಯಂ ತಾನೆಂದು ಅದು ಹೇಳಿಕೊಳ್ಳುವುದು ದಿವಾಳಿಯಾದ ಈ ಗೆಸ್ನರ್‌ನ ಬಲದಿಂದಲೇ.

ಇತ್ತ, ಮ್ಯೂಸಿಯಂ ಕಳೆದುಕೊಂಡ ಗೆಸ್ನರ್ ತಂದೆಯ ಹೊಲಕ್ಕೆ ಮರಳಿದ. ಅಲ್ಲಿ ಹಿಡಿದ ಹೊಸ ಹುಚ್ಚು ಎಣ್ಣೆಯದು. ಆಗ ದೀಪಕ್ಕೆ ತಿಮಿಂಗಿಲದ ಎಣ್ಣೆ; ಬೆಲೆ ಏರುತ್ತಲೇ ಇತ್ತು. ಅಗ್ಗದ್ದು ಬೇಕೆಂದರೆ ಟರ್ಪೆಂಟೈನ್, ಮದ್ಯಸಾರ ಬೆರೆಸಿದ ಒಂದು ದ್ರವ ಸಿಗುತ್ತಿತ್ತು, ಅದು ಎಷ್ಟು ಹೊತ್ತಿಗೆ ಸಿಡಿಯುವುದೋ ಹೇಳುವಂತಿರಲಿಲ್ಲ. ಗೆಸ್ನರ್ ಟ್ರಿನಿಡಾಡ್‌ನ ಡಾಂಬರಿನ ಕೆರೆಯಿಂದ ಬಂದ ಬಿಟುಮನ್ ಕಾಯಿಸತೊಡಗಿದ. ಕಬ್ಬಿಣದ ಭಟ್ಟಿಯಲ್ಲಿ ಕಾಯಿಸಿ ಬಂದ ಆವಿಯನ್ನು ತಣಿಸಿದರೆ ಕಂದು ಬಣ್ಣದ ನಾರುವ ಎಣ್ಣೆ. ಅದಕ್ಕೆ ಗಂಧಕಾಮ್ಲ ಹಾಕಿ ಕಲಕಿದರೆ ಟಾರು ತಳಕ್ಕೆ ಕೂರುತ್ತದೆ. ಆಮೇಲೆ ಸುಟ್ಟ ಸುಣ್ಣ ಹಾಕಿ ಆಮ್ಲದ ಖಾರ, ನೀರಿನ ಪಸೆ ಎರಡನ್ನೂ ತೆಗೆದು ಮತ್ತೊಮ್ಮೆ ಬಟ್ಟಿ ಇಳಿಸಬೇಕು. ತುಂಬ ಹಗುರಾದದ್ದು ಭಗ್ಗೆನ್ನುತ್ತದೆ, ಭಾರವಾದದ್ದು ಹೊಗೆಯಾಡುತ್ತದೆ, ನಡುವಿನದು ದೀಪಕ್ಕೆ. 1846ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಶಾರ್ಲಟ್‌ಟೌನ್‌ನಲ್ಲಿ ಉಪನ್ಯಾಸ ಕೊಡುತ್ತಾ, ಜನರೆದುರೇ ಇಂಥ ಎಣ್ಣೆಯ ದೀಪ ಹಚ್ಚಿ ತೋರಿಸಿದ ಎನ್ನುತ್ತಾರೆ.

ಕಚ್ಚಾ ಮಾಲು ಟ್ರಿನಿಡಾಡ್‌ನಿಂದ ತರಿಸುವುದು ದುಬಾರಿ. ಅಷ್ಟರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಆಲ್ಬರ್ಟ್ ಕೌಂಟಿಯಲ್ಲೇ ಕಾಡಿಗೆಯಂತೆ ಹೊಳೆಯುವ ಕಪ್ಪು ವಸ್ತುವೊಂದು ಸಿಕ್ಕಿತು. ಭಟ್ಟಿಗೆ ಹಾಕಿದರೆ ಎಣ್ಣೆ ಸುರಿಯುವಂಥದ್ದು. ಇದು ಆಸ್ಫಾಲ್ಟ್ ಎಂದ ಗೆಸ್ನರ್, ನೆಲದ ಒಡೆಯನಿಂದ ಅದನ್ನು ತೆಗೆಯುವ ಹಕ್ಕು ಪಡೆದ. ಎದುರಾಳಿ ಕೇರ್ನ್ಸ್ ಎಂಬವನ ಬಳಿ ಸರ್ಕಾರದ ಕಲ್ಲಿದ್ದಲು ಗುತ್ತಿಗೆ ಇತ್ತು. ಅಲ್ಲಿನ ಕಾನೂನಿನಲ್ಲಿ ಕಲ್ಲಿದ್ದಲು ಸರ್ಕಾರದ ಸ್ವತ್ತು. ಹಾಗಾಗಿ 1852ರಲ್ಲಿ ಕೋರ್ಟಿನ ಮುಂದೆ ಬಂದ ಪ್ರಶ್ನೆ ವಿಚಿತ್ರದ್ದು: ಈ ಕಪ್ಪು ವಸ್ತು ಕಲ್ಲಿದ್ದಲೋ ಅಲ್ಲವೋ? ಎರಡೂ ಕಡೆ ವಿದ್ವಾಂಸರು ಸಾಕ್ಷಿ ಹೇಳಿದರು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆಂದರು. ಕಲ್ಲಿನ ಗೊಡವೆಯೇ ಇಲ್ಲದ ಜ್ಯೂರಿ ಕಲ್ಲಿದ್ದಲು ಎಂದು ತೀರ್ಪು ಕೊಟ್ಟಿತು. ಗೆಸ್ನರ್ ಸೋತ. ಆಲ್ಬರ್ಟೈಟ್ ಎಂದು ಕರೆಯುವ ಅದನ್ನು ಇವತ್ತು ಭೂವಿಜ್ಞಾನಿಗಳು ಸೇರಿಸುವುದು ಘನ ಬಿಟುಮನ್‌ಗಳ ಗುಂಪಿಗೆ. ಗ್ರ್ಯಾಂಡ್ ಲೇಕ್ ವಿಷಯದಲ್ಲಿ ತಪ್ಪಿದವನು ಇಲ್ಲಿ ಸರಿಯಿದ್ದ. ಎರಡರಲ್ಲೂ ದಂಡ ತೆತ್ತ.

ನ್ಯೂಯಾರ್ಕಿನ ಕತೆ ಬೇಗ ಹೇಳಿ ಮುಗಿಸಬಹುದು. 1853ರಲ್ಲಿ ಅಲ್ಲಿಗೆ ಹೋದ. 1854ರ ಜೂನ್‌ನಲ್ಲಿ ಅಮೆರಿಕದ ಪೇಟೆಂಟ್ ಬಂತು. ಲಾಂಗ್ ಐಲೆಂಡಿನ ನ್ಯೂಟೌನ್ ಕ್ರೀಕ್ ದಂಡೆಯಲ್ಲಿ ಕಾರ್ಖಾನೆ ಎದ್ದಿತು. ಎಣ್ಣೆ ಬಿಸಿ ದೋಸೆಯಂತೆ ಖರ್ಚಾಯಿತು. ಕಂಪನಿ ಅವನದಲ್ಲ, ಬಂಡವಾಳ ಹಾಕಿದವರದ್ದು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವ ಪೇಟೆಂಟನ್ನು ಮೊದಲೇ ಪಡೆದಿದ್ದರಿಂದ ಅವನಿಗೂ ಪಾಲು ಕೊಡಬೇಕಾಯಿತು. ಗೆಸ್ನರ್ ಜಾಗಕ್ಕೆ ಬೇರೊಬ್ಬ ರಸಾಯನಜ್ಞ ಬಂದ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಬಾವಿ ಕೊರೆದು ಪೆಟ್ರೋಲಿಯಂ ತೆಗೆದ ಮೇಲೆ ಕಲ್ಲು ಕಾಯಿಸುವ ಅಗತ್ಯವೇ ಉಳಿಯಲಿಲ್ಲ. ಎಣ್ಣೆಗೆ ಹೆಸರು ಮಾತ್ರ ಹಳೆಯದೇ ನಿಂತಿತು. ಆ ಎಣ್ಣೆ ಹಡಗು ಹತ್ತಿ ನಮ್ಮ ಹಳ್ಳಿಗಳಿಗೂ ಬಂತು, ಹರಳೆಣ್ಣೆ ಹೊಂಗೆ ಎಣ್ಣೆಯ ಹಣತೆಗಳನ್ನು ದೇವರ ಕೋಣೆಗೆ ಸರಿಸಿತು. ಖಾಲಿಯಾದ ತಗಡಿನ ಡಬ್ಬ ನೀರು ಹೊರಲು, ಕಾಳು ತುಂಬಿಡಲು ಉಳಿಯಿತು. ಪರೀಕ್ಷೆಗೆ ಬುಡ್ಡಿ ದೀಪದಲ್ಲಿ ಓದಿದ ಎಷ್ಟೋ ಮಂದಿಗೆ, ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ, ಈ ಡಾಕ್ಟರ ಹೆಸರು ಗೊತ್ತಿರಲು ಕಾರಣವಿರಲಿಲ್ಲ.

1861ರಲ್ಲಿ ಕಲ್ಲಿದ್ದಲು, ಪೆಟ್ರೋಲಿಯಂ ಎಣ್ಣೆಗಳ ಮೇಲೆ ಪುಸ್ತಕ ಬರೆದ. ಆ ವಿದ್ಯೆಗೆ ಬಹುಕಾಲ ಅದೇ ಆಧಾರ. ಎರಡು ವರ್ಷದ ಮೇಲೆ ಹ್ಯಾಲಿಫ್ಯಾಕ್ಸ್‌ಗೆ ಮರಳಿದ. ಡಾಲ್‌ಹೌಸಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗುವ ಮಾತು ನಡೆದಿತ್ತು. ಜೀವಮಾನದಲ್ಲಿ ಮೊದಲ ಬಾರಿ, ಯಾವ ಗಣಿಯನ್ನೂ ಯಾವ ಕಂಪನಿಯನ್ನೂ ನಂಬಬೇಕಿಲ್ಲದ ಕೆಲಸ. ಹುದ್ದೆಗೆ ಹೋಗುವ ಮೊದಲೇ, 1864ರ ಏಪ್ರಿಲ್ 29ರಂದು ತೀರಿಕೊಂಡ. ಕ್ಯಾಂಪ್ ಹಿಲ್ ಸ್ಮಶಾನದಲ್ಲಿ ಅವನ ಗೋರಿಗೆ ಸ್ಮಾರಕ ನಿಲ್ಲಿಸಿದ್ದು 1933ರಲ್ಲಿ, ಇಂಪೀರಿಯಲ್ ಆಯಿಲ್ ಎಂಬ ಎಣ್ಣೆ ಕಂಪನಿ. 2000ರಲ್ಲಿ ಅಂಚೆಚೀಟಿಯೂ ಬಂತು.

ಮ್ಯೂಸಿಯಂನ ಅಲೆದಾಟ ಮಾತ್ರ ಆಮೇಲೂ ನಿಲ್ಲಲಿಲ್ಲ. ಡಗ್ಲಸ್ ಅವೆನ್ಯೂದಲ್ಲಿ 1934ರಲ್ಲಿ ತೆರೆದ ಹಳೆಯ ಕಟ್ಟಡ ಸಾಲದಾದಾಗ, 1996ರಲ್ಲಿ ಪ್ರದರ್ಶನ ಬಂದರಿನ ಬಳಿಯ ಮಾರ್ಕೆಟ್ ಸ್ಕ್ವೇರ್‌ಗೆ ಹೋಯಿತು. 2022ರಲ್ಲಿ ಅದೂ ಮುಚ್ಚಿತು. ಮತ್ತೆ ಡಗ್ಲಸ್ ಅವೆನ್ಯೂಗೇ ಹಿಂದಿರುಗಿ ಹೊಸ ಕಟ್ಟಡ ಕಟ್ಟುವ ಯೋಜನೆ ಹಾಕಿದರು. ಅದಕ್ಕೂ ಗೆಸ್ನರ್‌ಗೆ ಚೆನ್ನಾಗಿ ಪರಿಚಯವಿದ್ದ ತಾಪತ್ರಯವೇ ಎದುರಾಯಿತು, ದುಡ್ಡು ಹೊಂದಿಸುವುದು.